ನಾಗವಾರದಲ್ಲಿ ನಿಂತ ಮಾರ್ಗ

ಸುಳ್ಯ ಬಳಿಯ ಕಲ್ಲುಗುಂಡಿ ಕಡೆಯವರಿಗೆ ಸುರಂಗವೆಂದರೆ ಹೊಸ ಸಂಗತಿಯೇನಲ್ಲ. ಕಾಸರಗೋಡು, ಪುತ್ತೂರಿನ ಗುಡ್ಡಗಳಲ್ಲಿ ನೀರಿಗಾಗಿ ಕೊರೆದ ಸುರಂಗಗಳು ಇಂದಿಗೂ ತೋಟಕ್ಕೆ ನೀರುಣಿಸುತ್ತಿವೆ. ಅಲ್ಲಿನ ಮುರಕಲ್ಲು ಆಸರೆಯಿಲ್ಲದೆಯೂ ನಿಲ್ಲುತ್ತದೆ. ಬೆಂಗಳೂರಿನ ಅಡಿಭಾಗಕ್ಕೆ ಆ ಗುಣವಿಲ್ಲ. ಸುರಂಗ ಕೊರೆಯುವ ಯಂತ್ರದ ಬಾಯಿಯ ಮೇಲರ್ಧಕ್ಕೆ ಸಡಿಲ ಮಣ್ಣು, ಕೆಳಗರ್ಧಕ್ಕೆ ಗಟ್ಟಿ ಗ್ರಾನೈಟ್ ಒಟ್ಟಿಗೇ ಸಿಗುವ ಜಾಗಗಳು ಅಲ್ಲಿ ಬೇಕಾದಷ್ಟಿವೆ. ‘ನಮ್ಮ ಮೆಟ್ರೋ’ದ ಮೊದಲ ಹಂತದಲ್ಲಿ ಗೋದಾವರಿ ಎಂಬ ಕೊರೆಯುವ ಯಂತ್ರ ಚಿಕ್ಕಪೇಟೆ–ಮೆಜೆಸ್ಟಿಕ್ ನಡುವೆ ಹಲ್ಲು ಮುರಿದುಕೊಂಡು ತಿಂಗಳುಗಟ್ಟಲೆ ನಿಂತಿತ್ತು.

ಆದರೂ ಇರುವ ಮಾರ್ಗವೊಂದನ್ನು ಮುಂದಕ್ಕೆ ಎಳೆಯಬಹುದೇ ಎಂಬ ಪ್ರಶ್ನೆ ಬಂದಾಗ ಕೊನೆಯ ಮಾತು ಬಂಡೆಯದ್ದಲ್ಲ. ಕಾಳೇನ ಅಗ್ರಹಾರ–ನಾಗವಾರದ ಗುಲಾಬಿ ಮಾರ್ಗವನ್ನೇ ನೋಡಿ. 21.26 ಕಿ.ಮೀ. ಉದ್ದದಲ್ಲಿ 13.76 ಕಿ.ಮೀ. ನೆಲದಡಿಯದ್ದು. ಒಂಬತ್ತು ಯಂತ್ರಗಳು ಕೊರೆದವು. 2024ರ ಅಕ್ಟೋಬರ್ 30ರಂದು ಅವುಗಳಲ್ಲೊಂದಾದ ತುಂಗಾ ನಾಗವಾರದಲ್ಲಿ ಹೊರಬಂದಾಗ ಕೊರೆತ ಮುಗಿಯಿತು. ಇದೇ ಮಾರ್ಗವನ್ನು ರಾಮಕೃಷ್ಣ ಹೆಗಡೆ ನಗರ, ಜಕ್ಕೂರು, ಯಲಹಂಕದ ಮೂಲಕ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಒಯ್ಯುವ ಯೋಜನೆಗೆ 2017ರ ಕೊನೆಯಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತ್ತು. ಒಪ್ಪಿಗೆ ಸಿಕ್ಕರೂ ದಾರಿ ಸಿಗಲಿಲ್ಲ. ಹಾದಿಯಲ್ಲಿ ಅಧಿಕ ಒತ್ತಡದ ಇಂಧನ ಕೊಳವೆ ಹೂತಿತ್ತು. ಅದನ್ನು ಸರಿಸುವ ಬದಲು ಮಾರ್ಗವನ್ನೇ ಸರಿಸಿದರು: 2019ರಲ್ಲಿ ಕೆ.ಆರ್. ಪುರ–ಹೆಬ್ಬಾಳ ದಾರಿ ಗೊತ್ತಾಯಿತು. ಸಿಲ್ಕ್ ಬೋರ್ಡಿನಿಂದ ವಿಮಾನ ನಿಲ್ದಾಣದವರೆಗಿನ 58.19 ಕಿ.ಮೀ.ಗೆ 2021ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ 14,788 ಕೋಟಿ ರೂಪಾಯಿಯ ಮಂಜೂರಾತಿ ನೀಡಿತು.

ಹೊರವರ್ತುಲ ರಸ್ತೆಯ ಐಟಿ ಕಚೇರಿಗಳಿಗೆ ಈ ಬದಲಾವಣೆಯಿಂದ ಲಾಭವೇ. ಎಂ.ಜಿ. ರಸ್ತೆಯಿಂದ ವಿಮಾನ ಹಿಡಿಯಲು ಹೊರಟವರು ಮಾತ್ರ ನಾಗವಾರದಲ್ಲಿ ಇಳಿದು, ನೆಲದಡಿಯಿಂದ ಮೇಲೇರಿ, ಎತ್ತರದ ಮಾರ್ಗದ ಇನ್ನೊಂದು ರೈಲು ಹತ್ತಬೇಕು. ಪೆಟ್ಟಿಗೆ ಹೊತ್ತವರಿಗೆ ಇದು ಸಣ್ಣ ಕಷ್ಟವಲ್ಲ.

ವಿಸ್ತರಣೆಯ ಇನ್ನೊಂದು ತೊಡಕು ಊರ ಹೊರಗಲ್ಲ, ನಡುವಿನಲ್ಲಿ ಕಾಣಿಸಿಕೊಳ್ಳುತ್ತದೆ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ 43.49 ಕಿ.ಮೀ. ಪೂರ್ತಿಯಾಯಿತು. ಎರಡೂ ತುದಿಗಳಲ್ಲಿ ಹತ್ತಿದವರೆಲ್ಲ ಬಂದು ತುಂಬಿಕೊಳ್ಳುವುದು ಮೆಜೆಸ್ಟಿಕ್‌ ಸುತ್ತಲಿನ ನೆಲದಡಿ ನಿಲ್ದಾಣಗಳಲ್ಲಿ. ಅಲ್ಲಿನ ಪ್ಲಾಟ್‌ಫಾರ್ಮುಗಳು ಆರು ಬೋಗಿಗಳ ಅಳತೆಗೆ ಕಟ್ಟಿದವು. ಎತ್ತರದ ನಿಲ್ದಾಣಕ್ಕಾದರೆ ಹೇಗೋ ಒಂದಿಷ್ಟು ಉದ್ದ ಸೇರಿಸಬಹುದು. ರಸ್ತೆ, ಕಟ್ಟಡಗಳ ಅಡಿಯಲ್ಲಿ ಕಟ್ಟಿಯಾದ ಪ್ಲಾಟ್‌ಫಾರ್ಮನ್ನು ಹಿಗ್ಗಿಸುವುದು ಹೆಚ್ಚುಕಡಿಮೆ ಅಸಾಧ್ಯ. ಉಳಿಯುವ ಉಪಾಯವೆಂದರೆ ರೈಲುಗಳನ್ನು ಇನ್ನಷ್ಟು ಹತ್ತಿರ ಹತ್ತಿರ ಓಡಿಸುವುದು. ಅದಕ್ಕೆ ಸಿಗ್ನಲ್ ವ್ಯವಸ್ಥೆ, ಡಿಪೋದಲ್ಲಿ ಜಾಗ, ಕೊನೆ ನಿಲ್ದಾಣದಾಚೆ ರೈಲು ತಿರುಗಿಸುವ ಹಳಿ ಎಲ್ಲವೂ ಸಾಕಾಗಬೇಕು. ಹೊಸ ನಾಲ್ಕು ನಿಲ್ದಾಣಗಳ ಖರ್ಚನ್ನಷ್ಟೇ ತೋರಿಸಿ ಹಳೆಯ ಹತ್ತು ನಿಲ್ದಾಣಗಳ ನೂಕುನುಗ್ಗಲನ್ನು ಲೆಕ್ಕಕ್ಕೆ ತಾರದ ವರದಿಯನ್ನು ನಂಬುವುದು ಕಷ್ಟ.

ಹಣದ ಲೆಕ್ಕಕ್ಕೆ 2017ರ ಮೆಟ್ರೋ ರೈಲು ನೀತಿ ಒಂದು ಗೆರೆ ಎಳೆದಿದೆ: ಸಮಾಜಕ್ಕೆ ಸಿಗುವ ಪ್ರತಿಫಲದ ದರ ಶೇ. 14ಕ್ಕಿಂತ ಕಡಿಮೆಯಿರಬಾರದು. ಟಿಕೆಟ್ ಹಣವಷ್ಟೇ ಅಲ್ಲ, ಉಳಿದ ಸಮಯ, ಉಳಿದ ಇಂಧನ, ತಗ್ಗಿದ ಅಪಘಾತಗಳಿಗೂ ಬೆಲೆ ಕಟ್ಟುತ್ತಾರೆ. ನೆಲದಡಿಯ ಕಿಲೋಮೀಟರಿಗೆ ಎತ್ತರದ ಮಾರ್ಗಕ್ಕಿಂತ ಎರಡು ಪಟ್ಟಿಗೂ ಮಿಗಿಲಾದ ವೆಚ್ಚವಾಗುವುದರಿಂದ ಜನ ಕಿಕ್ಕಿರಿದ ಕಡೆಯಲ್ಲಷ್ಟೇ ಈ ಗೆರೆ ದಾಟಲಾದೀತು.

ಕೆಲವೊಮ್ಮೆ ಕರೆಂಟೇ ಅಡ್ಡ ಬರುತ್ತದೆ. ನಮ್ಮ ಮೆಟ್ರೋ ಹಳಿಯ ಪಕ್ಕದ ಮೂರನೇ ಹಳಿಯಿಂದ 750 ವೋಲ್ಟ್ ನೇರ ವಿದ್ಯುತ್ ಪಡೆಯುತ್ತದೆ. ಮೇಲೆ ತಂತಿಯಿಲ್ಲದ್ದರಿಂದ ಸುರಂಗ ತುಸು ಸಣ್ಣದಾದರೂ ನಡೆಯುತ್ತದೆ. 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗವನ್ನು ಬೊಮ್ಮಸಂದ್ರದಿಂದ ಹೊಸೂರಿಗೆ ಒಯ್ಯಲು ತಮಿಳುನಾಡು ಅಧ್ಯಯನ ಮಾಡಿಸಿತು. ಆದರೆ ಅವರು ಆರಿಸಿಕೊಂಡದ್ದು ಮೇಲಿನ ತಂತಿಯ 25,000 ವೋಲ್ಟ್ ಪರ್ಯಾಯ ವಿದ್ಯುತ್. ಒಂದು ಬಗೆಯ ರೈಲು ಇನ್ನೊಂದು ಬಗೆಯ ಹಳಿಯ ಮೇಲೆ ಓಡದು. ಇಬ್ಬರಲ್ಲಿ ಒಬ್ಬರು ತಮ್ಮ ವ್ಯವಸ್ಥೆ ಬಿಡದಿದ್ದರೆ, ಹೊಸೂರಿನವರು ಬೊಮ್ಮಸಂದ್ರದಲ್ಲಿ ಇಳಿದು ರೈಲು ಬದಲಿಸಬೇಕಾದೀತು.