ರೊಟ್ಟಿಯ ನೀಲಿ, ಬೇಳೆಯ ನೇರಳೆ

ಮದುಮಗಳು ಹೊಸ್ತಿಲು ದಾಟುವ ಮುನ್ನ ಎತ್ತುವ ಆರತಿಯ ತಟ್ಟೆಯಲ್ಲಿ ಕೆಂಪು ನೀರಿರುತ್ತದೆ. ಅದು ಅಂಗಡಿಯಿಂದ ತಂದ ಬಣ್ಣವಲ್ಲ. ಅರಿಶಿನ ಕದಡಿದ ನೀರಿಗೆ ಚಿಟಿಕೆ ಸುಣ್ಣ ಬಿದ್ದೊಡನೆ ಹಳದಿ ಮಾಯವಾಗಿ ಕೆಂಪು ಮೂಡುತ್ತದೆ. ಅದಕ್ಕೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಅರಿಶಿನದೊಳಗಿನ ಕರ್ಕ್ಯುಮಿನ್ ಕ್ಷಾರ ಸಿಕ್ಕಿದಾಗ ಕೆಂಪಾಗುತ್ತದೆ, ಆಮ್ಲ ಸಿಕ್ಕಿದಾಗ ಹಳದಿಗೆ ಮರಳುತ್ತದೆ. ಹೀಗೆ ಬಣ್ಣ ಬದಲಿಸಿ ಮತ್ತೊಂದು ವಸ್ತುವಿನ ಗುಣವನ್ನು ಬಯಲು ಮಾಡುವ ಪದಾರ್ಥಕ್ಕೆ ರಸಾಯನಶಾಸ್ತ್ರ ಕೊಟ್ಟ ಹೆಸರು ‘ಸೂಚಕ’. ನಮ್ಮ ಅಜ್ಜಿಯರು ಹೆಸರು ತಿಳಿಯದೆಯೇ ಅದನ್ನು ಬಳಸುತ್ತ ಬಂದರು.

ಇದೇ ತತ್ವವನ್ನು ಊಟದ ತಟ್ಟೆಗೂ ಅನ್ವಯಿಸಬಹುದು. ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನ ಮಾದನಹಿಪ್ಪರಗಾ ಸೀಮೆಯ ಊಟವನ್ನೇ ತೆಗೆದುಕೊಳ್ಳೋಣ. ಕರಿಮಣ್ಣಿನ ಈ ಭಾಗದಲ್ಲಿ ಜೋಳದ ರೊಟ್ಟಿ, ತೊಗರಿ ಬೇಳೆ, ಶೇಂಗಾ ಹಿಂಡಿ ನಿತ್ಯದ ಆಹಾರ. ಇಲ್ಲಿಯ ತೊಗರಿಯ ಹೆಸರು ದೊಡ್ಡದು. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿದೆ.

ಮೊದಲ ಪರೀಕ್ಷೆ ರೊಟ್ಟಿಗೆ. ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ನನ್ನು ನೀರಿನಲ್ಲಿ ತೆಳುಮಾಡಿ ರೊಟ್ಟಿಯ ಚೂರಿನ ಮೇಲೆ ಎರಡು ಹನಿ ಬಿಟ್ಟರೆ ಅದು ಕಡುನೀಲಿ, ಕೆಲವೊಮ್ಮೆ ಕಪ್ಪೇ ಆಗುತ್ತದೆ. ಅದು ಪಿಷ್ಟದ ಗುರುತು. ಪಿಷ್ಟದ ಒಂದು ಬಗೆಯ ಅಣು ಸುರುಳಿಯಂತೆ ಸುತ್ತಿಕೊಂಡಿರುತ್ತದೆ. ಆ ಸುರುಳಿಯ ಒಳಗೆ ಅಯೋಡಿನ್ ಸಾಲಾಗಿ ಹೊಕ್ಕಾಗ ನೀಲಿ ಕಾಣುತ್ತದೆ. ಬಿಸಿ ಮಾಡಿದರೆ ನೀಲಿ ಮಾಸುತ್ತದೆ, ತಣಿದಾಗ ಮರಳಿ ಬರುತ್ತದೆ. ಫ್ರಾನ್ಸಿನ ಬರ್ನಾರ್ಡ್ ಕೂರ್ತ್ವಾ 1811ರಲ್ಲಿ ಕಡಲ ಪಾಚಿಯ ಬೂದಿಯಿಂದ ಅಯೋಡಿನ್ ಕಂಡುಹಿಡಿದ. ಮೂರೇ ವರ್ಷದಲ್ಲಿ ಪಿಷ್ಟದೊಡನೆ ಅದರ ಈ ನಂಟು ಬೆಳಕಿಗೆ ಬಂತು.

ಎರಡನೆಯದು ಬೇಳೆಯ ಸರದಿ. ಅರೆದ ಬೇಳೆಗೆ ನೀರು ಬೆರೆಸಿ, ಮೈಲುತುತ್ತದ ದ್ರಾವಣ ಎರಡು ಹನಿ, ಕಾಸ್ಟಿಕ್ ಸೋಡಾ ದ್ರಾವಣ ಹತ್ತು ಹನಿ ಹಾಕಿ ಅಲುಗಿಸಿದರೆ ನೇರಳೆ ಬಣ್ಣ ಮೂಡುತ್ತದೆ. ಪ್ರೋಟೀನಿನ ಕೊಂಡಿಗಳಲ್ಲಿರುವ ಸಾರಜನಕ ತಾಮ್ರವನ್ನು ಹಿಡಿದುಕೊಳ್ಳುವುದೇ ಇದಕ್ಕೆ ಕಾರಣ. ‘ಬೈಯುರೆಟ್ ಪರೀಕ್ಷೆ’ ಎಂಬ ಇದು ಬಹುಕಾಲದಿಂದ ಶಾಲಾ ಪಠ್ಯದಲ್ಲಿದೆ. ಮೈಲುತುತ್ತ ವಿಷ, ಕಾಸ್ಟಿಕ್ ಸೋಡಾ ಚರ್ಮ ಸುಡುತ್ತದೆ. ಹೀಗಾಗಿ ಇದನ್ನು ಶಿಕ್ಷಕರ ಕಣ್ಗಾವಲಿನಲ್ಲೇ ಮಾಡಬೇಕು. ಪರೀಕ್ಷಿಸಿದ ಆಹಾರವನ್ನು ತಿನ್ನಕೂಡದು.

ಶೇಂಗಾಕ್ಕೆ ರಾಸಾಯನಿಕವೇ ಬೇಡ. ಕಾಳನ್ನು ಕಾಗದದಲ್ಲಿ ಸುತ್ತಿ ಜಜ್ಜಿ, ಕಾಗದ ಒಣಗಿದ ಮೇಲೆ ಬೆಳಕಿಗೆ ಹಿಡಿದರೆ ಸಾಕು. ನೀರಿನ ಕಲೆ ಆರುತ್ತದೆ, ಎಣ್ಣೆಯ ಕಲೆ ಉಳಿಯುತ್ತದೆ. ಸಕ್ಕರೆಯ ಪರೀಕ್ಷೆ ಮಾತ್ರ ತುಸು ಮೋಸದ್ದು. ನೀಲಿಯಾದ ಬೆನೆಡಿಕ್ಟ್ ದ್ರಾವಣವನ್ನು ಗ್ಲೂಕೋಸ್‌ ಜೊತೆ ಕಾಯಿಸಿದರೆ ಹಸಿರು, ಹಳದಿ ದಾಟಿ ಇಟ್ಟಿಗೆ ಕೆಂಪಾಗುತ್ತದೆ. ಸಕ್ಕರೆ ಕಾಯಿಲೆಯವರ ಮೂತ್ರವನ್ನು ಆಸ್ಪತ್ರೆಗಳು ದೀರ್ಘಕಾಲ ಹೀಗೆಯೇ ಪರೀಕ್ಷಿಸಿದವು. ಆದರೆ ಚಹಾಕ್ಕೆ ಹಾಕುವ ಶುದ್ಧ ಸಕ್ಕರೆಗೆ ಅದೇ ದ್ರಾವಣ ಬಣ್ಣ ಬದಲಿಸುವುದಿಲ್ಲ. ಬಣ್ಣ ಬಾರದಿದ್ದರೆ ಸಿಹಿಯೇ ಇಲ್ಲವೆಂದು ತಿಳಿಯುವಂತಿಲ್ಲ.

ಈ ಎಚ್ಚರ ಬೇಳೆ-ರೊಟ್ಟಿಯ ವಿಷಯದಲ್ಲಿ ಇನ್ನೂ ಹೆಚ್ಚು ಬೇಕು. ಬಣ್ಣ ‘ಇದೆ’ ಎನ್ನುತ್ತದೆಯೇ ಹೊರತು ‘ಸಾಕು’ ಎನ್ನುವುದಿಲ್ಲ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್ ಇದ್ದರೆ, ಅಷ್ಟೇ ತೊಗರಿ ಬೇಳೆಯಲ್ಲಿ ಸುಮಾರು 22 ಗ್ರಾಂ ಇದೆ. ಸೀಸೆಯಲ್ಲಿ ಎರಡೂ ನೇರಳೆಯೇ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ ಎಂಬುದನ್ನೂ ಆ ಬಣ್ಣ ಹೇಳದು. ತೊಗರಿಯಲ್ಲಿ ಲೈಸಿನ್ ಧಾರಾಳ. ರೊಟ್ಟಿಯೊಡನೆ ಬೇಳೆ ಉಣ್ಣುವ ರೂಢಿ ಈ ಕೊರತೆಯನ್ನು ತುಂಬುತ್ತದೆ.

ಬೇಳೆ ಕೊಳ್ಳಲಾಗದ ಮನೆಗಳ ಕಥೆ ಬೇರೆ. ಜೋಳವನ್ನೇ ನೆಚ್ಚಿದ ದಖ್ಖನ್ನಿನ ಬಡವರಲ್ಲಿ ಪೆಲಾಗ್ರ ಕಾಣಿಸುತ್ತಿತ್ತು. ಬಿಸಿಲು ತಾಗುವ ಚರ್ಮ ಕಪ್ಪಾಗಿ ಒರಟಾಗುವುದು, ಭೇದಿ, ಮಂಕು ಅದರ ಲಕ್ಷಣಗಳು. ಹೈದರಾಬಾದಿನ ಪೋಷಣಾ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ, ಜೋಳದಲ್ಲಿ ಲ್ಯೂಸಿನ್ ಹೆಚ್ಚಿರುವುದು ಇದಕ್ಕೆ ಕಾರಣವಿರಬಹುದೆಂದು 1960ರಲ್ಲಿ ಸೂಚಿಸಿದರು. ಆ ವಾದದ ಮೇಲೆ ಮುಂದೆ ಚರ್ಚೆಗಳೂ ನಡೆದವು. ಹೊಟ್ಟೆ ತುಂಬಿದ ಮಾತ್ರಕ್ಕೆ ಪೋಷಣೆ ಆಗುವುದಿಲ್ಲ ಎಂಬುದು ಮಾತ್ರ ಸ್ಪಷ್ಟವಾಯಿತು.

ಆ ಪ್ರಶ್ನೆ ಇಂದಿಗೂ ಮುಗಿದಿಲ್ಲ. ಮಕ್ಕಳ ಅಪೌಷ್ಟಿಕತೆ ಹೆಚ್ಚಾಗಿದ್ದ ಕಾರಣ, 2021ರ ಡಿಸೆಂಬರಿನಲ್ಲಿ ಕಲಬುರಗಿಯೂ ಸೇರಿದಂತೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ ಕೊಡಲು ಸರ್ಕಾರ ಆರಂಭಿಸಿತು. ತಿನ್ನದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು, ಮಕ್ಕಳೇ ಮೊಟ್ಟೆ ಬೇಕೆಂದು ಕೇಳಿದ್ದೂ ಸುದ್ದಿಯಾಯಿತು. ಇದೇ ಮೊಟ್ಟೆಯ ಬಿಳಿ ಭಾಗ ಬೈಯುರೆಟ್ ಪರೀಕ್ಷೆಯಲ್ಲಿ ಅಚ್ಚ ನೇರಳೆ ತೋರಿಸುತ್ತದೆ. ಬಾಳೆಹಣ್ಣಿನಲ್ಲಿ ಪ್ರೋಟೀನ್ ತೀರ ಅಲ್ಪ.

ಶಾಲೆಯ ಮೇಜಿನ ಮೇಲೆ ರೊಟ್ಟಿ ನೀಲಿಯಾಗಿ, ಬೇಳೆ ನೇರಳೆಯಾದಾಗ ಮಕ್ಕಳು ಚಪ್ಪಾಳೆ ತಟ್ಟುವುದು ಸಹಜ. ಅದರ ಜೊತೆಗೆ ಅವರಿಗೆ ಇನ್ನೊಂದು ಲೆಕ್ಕವನ್ನೂ ಕಲಿಸಬೇಕಾಗಿದೆ: ಮನೆಯ ತಟ್ಟೆಯಲ್ಲಿ ರೊಟ್ಟಿ ಎಷ್ಟು, ಬೇಳೆ ಎಷ್ಟು? ತೊಗರಿಯ ಕಣಜವೆನಿಸಿದ ನಾಡಿನಲ್ಲಿ ಬೆಳೆದವರ ಮಕ್ಕಳಿಗೇ ಬೇಳೆ ಸಾಲದಿದ್ದರೆ, ಅದನ್ನು ತೋರಿಸಿಕೊಡುವ ಸೂಚಕ ಯಾವ ಸೀಸೆಯಲ್ಲೂ ಇಲ್ಲ.