ಎಂಜಿನ್ನಿನ ಶಾಖದ ಮುಳ್ಳು ಏಕೆ ಓಲಾಡುತ್ತದೆ?

ಸೋಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ನಮ್ಮ ಊರುಗಳಲ್ಲಿ ಎತ್ತಿನ ಜೊತೆಗೆ ಟ್ರ್ಯಾಕ್ಟರೂ ಒಕ್ಕಲುತನಕ್ಕೆ ಸೇರಿಕೊಂಡಿದೆ. ಎತ್ತು ದಣಿದರೆ ತೇಕುತ್ತದೆ, ಬಾಯಲ್ಲಿ ನೊರೆ ತರುತ್ತದೆ, ನೋಡಿದವನಿಗೆ ತಿಳಿಯುತ್ತದೆ. ಎಂಜಿನ್ನು ಕಾದುದನ್ನು ತಿಳಿಸುವುದು ಸ್ಟೇರಿಂಗಿನ ಮುಂದಿರುವ ಒಂದು ಚಿಕ್ಕ ಮುಳ್ಳು ಮಾತ್ರ. ಅದು ಒಂದೆಡೆ ನಿಲ್ಲದೆ ಏರುತ್ತ ಇಳಿಯುತ್ತ ಇದ್ದರೆ ಕೆಲವರು ಅಲಕ್ಷ್ಯ ಮಾಡುತ್ತಾರೆ, ಕೆಲವರು ಗಾಬರಿಯಿಂದ ಬೇಡದ ಭಾಗಗಳನ್ನು ಕೊಳ್ಳುತ್ತಾರೆ. ಕಾರು, ಜೀಪುಗಳಲ್ಲಿಯೂ ಸಂಗತಿ ಹೆಚ್ಚುಕಡಿಮೆ ಇದೇ. ಇಲ್ಲಿ ಹೇಳುವುದು ನೀರಿನಿಂದ ತಣಿಯುವ ಎಂಜಿನ್ನುಗಳ ವಿಷಯ.

ಶಾಖ ಹತೋಟಿಯಲ್ಲಿರುವ ಬಗೆ

ಪಂಪು ನೀರನ್ನು ಎಂಜಿನ್ನಿನ ಸುತ್ತ ಹರಿಸಿ ರೇಡಿಯೇಟರಿಗೆ ಕಳಿಸುತ್ತದೆ. ಅಲ್ಲಿ ಫ್ಯಾನಿನ ಗಾಳಿಗೆ ನೀರು ಆರುತ್ತದೆ. ನಡುವೆ ಥರ್ಮೋಸ್ಟ್ಯಾಟ್ ಎಂಬ ಬಾಗಿಲು ಉಂಟು. ಅದರೊಳಗಿನ ಮೇಣವು ಕಾದು ಹಿಗ್ಗಿದಾಗ, ಬಹಳ ಎಂಜಿನ್ನುಗಳಲ್ಲಿ ಸುಮಾರು 80 ಡಿಗ್ರಿಯ ಹೊತ್ತಿಗೆ, ಬಾಗಿಲು ತೆರೆಯುತ್ತದೆ. ಆದುದರಿಂದ ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದ ಮೇಲೆ ಮುಳ್ಳು ಏರಿ, ಒಮ್ಮೆ ತುಸು ಇಳಿದು, ಬಳಿಕ ನಿಂತರೆ ಅದು ದೋಷವಲ್ಲ.

ಮುಳ್ಳಿನ ನಡೆಯನ್ನು ನೋಡಿರಿ

ಒಲೆಯ ಮೇಲಿನ ಹಂಡೆಯ ನೀರು ಕ್ಷಣದಲ್ಲಿ ಕಾಯುವುದಿಲ್ಲ, ಕ್ಷಣದಲ್ಲಿ ಆರುವುದೂ ಇಲ್ಲ. ಎಂಜಿನ್ನಿನ ನೀರೂ ಹಾಗೆಯೇ. ಮುಳ್ಳು ಕಣ್ಣು ಮಿಟುಕಿಸುವಷ್ಟರಲ್ಲಿ ಜಿಗಿದು ಇಳಿದರೆ, ಅಥವಾ ದೀಪ ಹಾಕಿದೊಡನೆ ಅಲುಗಿದರೆ, ತಪ್ಪು ಬಹುತೇಕ ತಂತಿಯಲ್ಲಿ: ಸಡಿಲಾದ ಜೋಡಣೆ, ತುಕ್ಕು ಹಿಡಿದ ಅರ್ಥಿಂಗ್, ಇಲ್ಲವೆ ಕೆಟ್ಟ ಸೆನ್ಸಾರು. ಮೊದಲು ಜೋಡಣೆಗಳನ್ನು ಒರೆಸಿ ಬಿಗಿ ಮಾಡಿರಿ.

ಮುಳ್ಳು ನಿಧಾನವಾಗಿ ಏರಿಳಿಯುತ್ತಿದ್ದರೆ ಶಾಖವೇ ಬದಲಾಗುತ್ತಿದೆ ಎಂದು ತಿಳಿಯಬೇಕು. ಆಗ ಮೊದಲು ನೋಡತಕ್ಕದ್ದು ನೀರು. ನೀರು ಕಡಿಮೆಯಾದಾಗ ಒಳಗೆ ಗಾಳಿ ಸೇರುತ್ತದೆ. ಸೆನ್ಸಾರಿಗೆ ಒಮ್ಮೆ ನೀರು, ಒಮ್ಮೆ ಗಾಳಿ ತಗಲಿ ಮುಳ್ಳು ಓಲಾಡುತ್ತದೆ. ಇಲ್ಲಿಯೇ ದೊಡ್ಡ ಅಪಾಯವಿದೆ. ನೀರು ಪೂರ್ತಿ ಇಳಿದುಹೋದರೆ ಸೆನ್ಸಾರು ಒಣಗಿ, ಎಂಜಿನ್ನು ಸುಡುತ್ತಿದ್ದರೂ ಮುಳ್ಳು ಕೆಳಗೆ ಬೀಳಬಹುದು. ಏರಿದ್ದ ಮುಳ್ಳು ಕಾರಣವಿಲ್ಲದೆ ಇಳಿದರೆ ಸಮಾಧಾನಪಡಬೇಡಿರಿ, ಗಾಡಿ ನಿಲ್ಲಿಸಿರಿ.

ಕಾದ ರೇಡಿಯೇಟರಿನ ಮುಚ್ಚಳವನ್ನು ಎಂದೂ ತೆರೆಯಬಾರದು. ಒಳಗೆ ಒತ್ತಡವಿರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಾದೊಡನೆ ಉಗಿಯಾಗಿ ಮುಖಕ್ಕೆ ಹಾರುತ್ತದೆ. ಪೂರ್ತಿ ಆರಲು ಬಿಡಿರಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಎರಕದ ಕಬ್ಬಿಣ ಸೀಳಬಹುದು. ಆರಿದ ಮೇಲೆ ನೀರು ತುಂಬಿ, ಮುಚ್ಚಳ ತೆರೆದಿಟ್ಟು ಎಂಜಿನ್ನನ್ನು ನಿಧಾನವಾಗಿ ಓಡಿಸಿದರೆ ಗುಳ್ಳೆಗಳು ಹೊರಬಂದು ಗಾಳಿ ಕಳೆಯುತ್ತದೆ. ಮಟ್ಟ ಇಳಿದಷ್ಟೂ ತುಂಬಿ, ನೀರು ಉಕ್ಕುವ ಮೊದಲೇ ಮುಚ್ಚಳ ಹಾಕಿರಿ.

ಉಳಿದ ಕಾರಣಗಳು

ನೀರು ಸರಿಯಿದ್ದರೆ ಹೀಗೆ ಒಂದೊಂದಾಗಿ ನೋಡಿರಿ.

1. ಹೇರು ಎಳೆಯುವಾಗ ಏರಿ, ಬರಿದಾದಾಗ ಇಳಿದರೆ ರೇಡಿಯೇಟರಿನ ಸಂದುಗಳಲ್ಲಿ ಕಬ್ಬಿನ ರವದಿ, ಜೋಳದ ಹೊಟ್ಟು, ಧೂಳು ತುಂಬಿರಬಹುದು. ಎಂಜಿನ್ನಿನ ಕಡೆಯಿಂದ ಹೊರಕ್ಕೆ ಗಾಳಿ ಊದಿ ತೆಗೆಯಬೇಕು.

2. ಎಂಜಿನ್ ನಿಲ್ಲಿಸಿ ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿರಿ. ಸುಮಾರು ಅರ್ಧ ಇಂಚು ಬಗ್ಗಿದರೆ ಸರಿ. ಹೆಚ್ಚು ಬಗ್ಗಿದರೆ ಜಾರುತ್ತಿದೆ. ಕಾರು ನಿಂತಾಗ ಕಾದು, ಓಡುವಾಗ ಆರಿದರೆ ಅದರ ವಿದ್ಯುತ್ ಫ್ಯಾನನ್ನು ನೋಡಿಸಬೇಕು.

3. ಥರ್ಮೋಸ್ಟ್ಯಾಟನ್ನು ಬಿಚ್ಚಿ, ದಾರಕ್ಕೆ ಕಟ್ಟಿ, ಪಾತ್ರೆಯ ನೀರಿನಲ್ಲಿ ತಳ ತಾಗದಂತೆ ಇಳಿಬಿಟ್ಟು ಕಾಯಿಸಿರಿ. ನೀರು ಕುದಿದರೂ ತೆರೆಯದಿದ್ದರೆ, ಆರಿದರೂ ಮುಚ್ಚದಿದ್ದರೆ ಅದು ಕೆಟ್ಟಿದೆ. ಅದನ್ನು ತೆಗೆದೊಗೆದು ಹಾಗೆಯೇ ಓಡಿಸುವುದು ತಪ್ಪು. ಎಂಜಿನ್ನು ಸಾಕಷ್ಟು ಕಾಯದೆ ಎಣ್ಣೆ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ.

4. ಸೋರಿಕೆ ಕಾಣದೆ ನೀರು ದಿನವೂ ಇಳಿಯುತ್ತಿದ್ದು, ರೇಡಿಯೇಟರಿನಲ್ಲಿ ಗುಳ್ಳೆ ನಿಲ್ಲದೆ ಬರುತ್ತಿದ್ದರೆ, ಬಿಳಿ ಹೊಗೆ ಕಂಡರೆ, ಅಥವಾ ಎಂಜಿನ್ ಆಯಿಲ್ ಹಾಲು ಬೆರೆತ ಚಹದಂತಾದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವವಿದೆ. ಇದು ಮಿಸ್ತ್ರಿಯ ಕೆಲಸ. ಅಲ್ಲಿಯವರೆಗೆ ಗಾಡಿ ಓಡಿಸಬೇಡಿರಿ.

ಯಾವ ನೀರು ಹಾಕಬೇಕು?

ಗಡಸು ಬೋರಿನ ನೀರು ಕಾಯಿಸಿದ ಹಂಡೆಯಲ್ಲಿ ಬಿಳಿ ಪೊರೆ ಕಟ್ಟುವುದನ್ನು ಎಲ್ಲರೂ ಕಂಡಿದ್ದೇವೆ. ಎಂಜಿನ್ನಿನೊಳಗೂ ಅದೇ ಪೊರೆ ಕಟ್ಟಿ ಶಾಖವನ್ನು ತಡೆಯುತ್ತದೆ. ಬ್ಯಾಟರಿಗೆ ಹಾಕುವಂಥ ಭಟ್ಟಿ ಇಳಿಸಿದ ನೀರಿಗೆ, ಗಾಡಿಯ ಪುಸ್ತಕದಲ್ಲಿ ಹೇಳಿದ ಕೂಲಂಟನ್ನು ಹೇಳಿದ ಪ್ರಮಾಣದಲ್ಲಿ ಬೆರೆಸಿ ಹಾಕುವುದು ಉತ್ತಮ. ಆದರೆ ಸಾಮಾನ್ಯ ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಇಳಿಸಿದ ಹಳೆಯ ನೀರನ್ನು ದನ, ನಾಯಿ, ಮಕ್ಕಳಿಗೆ ಸಿಗುವಂತೆ ಬಿಡಬಾರದು. ಬಾವಿ, ದೋಣಿಗಳ ಹತ್ತಿರ ಚೆಲ್ಲಬಾರದು.

ಕಬ್ಬಿನ ಹಂಗಾಮಿನಲ್ಲಿ ಎಂಜಿನ್ನು ಹಿಡಿದುಕೊಂಡರೆ ದುರಸ್ತಿಯ ಹಣವಷ್ಟೇ ಅಲ್ಲ, ಕಬ್ಬು ಸಾಗಿಸುವ ಸರದಿಯೂ ಹೋಗುತ್ತದೆ. ಆದುದರಿಂದ ದಿನವೂ ಬೆಳಿಗ್ಗೆ, ಎಂಜಿನ್ನು ತಣ್ಣಗಿರುವಾಗಲೇ, ನೀರು ಮತ್ತು ಬೆಲ್ಟು ನೋಡಿ ಚಾಲೂ ಮಾಡಿರಿ. ಮಿಸ್ತ್ರಿಯಲ್ಲಿಗೆ ಹೋಗಬೇಕಾದರೆ ಮುಳ್ಳು ಎಂದು, ಎಷ್ಟು ಬೇಗ, ಯಾವ ಕೆಲಸದಲ್ಲಿ ಓಲಾಡಿತೆಂಬುದನ್ನು ನೆನಪಿಟ್ಟು ಹೇಳಿರಿ. ಅದನ್ನು ತಿಳಿದ ಮಿಸ್ತ್ರಿಗೆ ದೋಷ ಹುಡುಕುವುದು ಸುಲಭ. ನಿಮಗೂ ಬೇಡದ ಖರ್ಚು ತಪ್ಪುತ್ತದೆ.