ನಗರ ವಸತಿರಹಿತರ ಆಶ್ರಯ ಕೇಂದ್ರ (ಕರ್ನಾಟಕ)

ನಗರ ವಸತಿರಹಿತರ ಆಶ್ರಯ ಕೇಂದ್ರವು ಪಾದಚಾರಿ ಮಾರ್ಗ, ಬಸ್ ನಿಲ್ದಾಣ ಮೊದಲಾದೆಡೆ ಮಲಗುವವರಿಗಾಗಿ ನಗರ ಸ್ಥಳೀಯ ಸಂಸ್ಥೆಗಳು ಒದಗಿಸುವ ತಂಗುದಾಣವಾಗಿದೆ. 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೊಡ್ಡ ನಗರಗಳಲ್ಲಿ ಪ್ರತಿ 1 ಲಕ್ಷ ಜನಸಂಖ್ಯೆಗೆ ಒಂದರಂತೆ, ವರ್ಷವಿಡೀ ತೆರೆದಿರುವ ಕೇಂದ್ರಗಳಿರಬೇಕೆಂದು ಆದೇಶಿಸಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವು ಇದಕ್ಕೆ ಅನುದಾನ ಒದಗಿಸಿತು.

ಕಾರ್ಯವಿಧಾನ

ನಿರ್ವಹಣೆಯನ್ನು ಸಾಮಾನ್ಯವಾಗಿ ಸ್ವಯಂಸೇವಾ ಸಂಸ್ಥೆಗಳಿಗೆ ವಹಿಸಲಾಗುತ್ತದೆ. ಮಾರ್ಗಸೂಚಿಯಂತೆ ಒಬ್ಬರಿಗೆ ಕನಿಷ್ಠ 50 ಚದರ ಅಡಿ ಸ್ಥಳ, ಕುಡಿಯುವ ನೀರು, ಶೌಚಾಲಯ ಇರಬೇಕು. ವಿಳಾಸವಿಲ್ಲದವರಿಗೆ ಗುರುತಿನ ಚೀಟಿ, ಪಡಿತರ ಚೀಟಿ ಪಡೆಯಲು ನೆರವಾಗುವುದೂ ಕೇಂದ್ರದ ಹೊಣೆ.

ನಿರಾಶ್ರಿತರ ಪರಿಹಾರ ಕೇಂದ್ರದಿಂದ ವ್ಯತ್ಯಾಸ

ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ, 1975ರ ಅಡಿಯಲ್ಲಿ ಭಿಕ್ಷುಕರನ್ನು ಹಿಡಿದು ಪರಿಹಾರ ಕೇಂದ್ರದಲ್ಲಿ ಇರಿಸಲು ಅವಕಾಶವಿದೆ. ಇದಕ್ಕಾಗಿ ಆಸ್ತಿ ತೆರಿಗೆಯೊಂದಿಗೆ ಶೇ. 3ರಷ್ಟು ಉಪಕರ ಸಂಗ್ರಹಿಸಲಾಗುತ್ತದೆ. ಆಶ್ರಯ ಕೇಂದ್ರಕ್ಕೆ ಬರುವುದು, ಹೋಗುವುದು ವ್ಯಕ್ತಿಯ ಇಚ್ಛೆಗೆ ಬಿಟ್ಟದ್ದು. ವಸತಿರಹಿತರಲ್ಲಿ ಅನೇಕರು ದುಡಿದು ಬದುಕುವ ಕೂಲಿಕಾರರಾಗಿರುವುದರಿಂದ ಈ ವ್ಯತ್ಯಾಸ ಮಹತ್ವದ್ದಾಗಿದೆ.